ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ದಿನವೂ ಹತ್ತು ಕಷ್ಟದ ಇಂಗ್ಲಿಷ್ ಪದ, ಎದುರಿಗೆ ಒಂದೊಂದು ಕನ್ನಡ ಪದ ಅಚ್ಚಾಗುತ್ತಿದೆ. ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಓದುವ ಶಿರಸಿ, ಕುಮಟಾ, ಕಾರವಾರದ ಹುಡುಗರು ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಟ್ಟುಕೊಳ್ಳುತ್ತಾರೆ. ಉದ್ದೇಶ ಒಳ್ಳೆಯದೇ, ಪಟ್ಟಿ ಮಾಡುವ ಕ್ರಮ ಮಾತ್ರ ಬದಲಾಗಬೇಕು.

‘ಟ್ರೆಚರಸ್ – ವಿಶ್ವಾಸಘಾತುಕ’ ಎಂದು ಬಾಯಿಪಾಠ ಮಾಡಿದವನು ಪ್ರಶ್ನೆಪತ್ರಿಕೆಯಲ್ಲಿ ‘ಟ್ರೆಚರಸ್ ಕರೆಂಟ್ಸ್’ ಕಂಡರೆ ತಬ್ಬಿಬ್ಬಾಗುತ್ತಾನೆ. ನೀರಿನ ಸೆಳೆತ ಯಾರಿಗೆ ದ್ರೋಹ ಮಾಡೀತು? ಅದರ ಬದಲು ‘ಅಪಾಯವಿಲ್ಲದಂತೆ ತೋರಿ, ಒಳಗೆ ಅಪಾಯ ಇಟ್ಟುಕೊಂಡಿರುವ’ ಎಂದು ವಿವರಿಸಿ ನೋಡಿ. ನಂಬಿಸಿ ಕೈಕೊಡುವ ಗೆಳೆಯ, ಮಳೆಗಾಲದ ಗೋಕರ್ಣದ ಕಡಲು, ಹಾವಸೆ ಕಟ್ಟಿದ ಅಂಗಳದ ಕಲ್ಲು ಮೂರೂ ಅದರೊಳಗೆ ಬಂದು ಕೂರುತ್ತವೆ.

ಉದಾಹರಣೆ ವಾಕ್ಯದಲ್ಲೂ ಎಡವುವುದುಂಟು. ‘ದಿ ಸೀ ಈಸ್ ಟ್ರೆಚರಸ್’ ಎಂದರೆ ಏನೂ ತಿಳಿಯುವುದಿಲ್ಲ. ಆ ಜಾಗದಲ್ಲಿ ಬ್ಲೂ, ಡೀಪ್, ಬ್ಯೂಟಿಫುಲ್ ಯಾವುದನ್ನಿಟ್ಟರೂ ವಾಕ್ಯ ನಡೆಯುತ್ತದೆ. ‘ದಿ ಸೀ ಲುಕ್ಡ್ ಕಾಮ್, ಬಟ್ ದಿ ಕರೆಂಟ್ಸ್ ವರ್ ಟ್ರೆಚರಸ್’ ಎಂದಾಗ ‘ಲುಕ್ಡ್ ಕಾಮ್, ಬಟ್’ ಅನ್ನುವಷ್ಟರಲ್ಲೇ ಅರ್ಧ ಅರ್ಥ ಬಂದಾಯಿತು. ಕಲಿಸಬೇಕಾದ ಪದವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿಸಿ. ಹತ್ತಿರದ ಅರ್ಥವೂ ಹೊಳೆಯದಿದ್ದರೆ ಆ ವಾಕ್ಯ ಅಚ್ಚಿಗೆ ಬೇಡ.

‘ಮಿಟಿಗೇಟ್ – ಉಪಶಮನಗೊಳಿಸು’ ಎಂದೂ ಬಂದಿತ್ತು. ಇಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಕಠಿಣ. ಕಡಲ್ಕೊರೆತದ ಜಾಗಕ್ಕೆ ಬಂಡೆಗಲ್ಲು ಹಾಕಿದರೆ ಅಲೆ ನಿಲ್ಲುವುದಿಲ್ಲ, ಅದರ ಏಟು ತಗ್ಗುತ್ತದೆ. ಮಿಟಿಗೇಟ್ ಅಂದರೆ ಅಷ್ಟೇ. ಅದರ ಪಕ್ಕದಲ್ಲಿ ಏನು ಬರುತ್ತದೆ ಎಂಬುದನ್ನೂ ಹೇಳಬೇಕು: ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್. ನಡುವೆ ‘ಅಗೇನ್ಸ್ಟ್’ ಸೇರಿಸಬಾರದು, ಅದು ‘ಮಿಲಿಟೇಟ್’ ಜೊತೆಗಾರ. ಮಿಲಿಟೇಟ್ ಅಗೇನ್ಸ್ಟ್ ಎಂದರೆ ಒಂದಕ್ಕೆ ಅಡ್ಡಿಯಾಗುವುದು. ಹಾಗಂತ ಇವೆರಡನ್ನೂ ಒಂದೇ ದಿನ ಕೊಡಬೇಡಿ. ಎಮಿನೆಂಟ್–ಇಮಿನೆಂಟ್, ಅಡ್ವರ್ಸ್–ಅವರ್ಸ್ ಜೋಡಿಗಳೂ ಹೀಗೆಯೇ, ಒಟ್ಟಿಗೆ ಕಲಿತರೆ ಕೊನೆತನಕ ಅದಲುಬದಲಾಗುತ್ತಲೇ ಇರುತ್ತವೆ. ಒಂದು ಗಟ್ಟಿಯಾದ ಮೇಲೆ, ಎರಡು ವಾರ ಬಿಟ್ಟು ಇನ್ನೊಂದು.

ನಮ್ಮವರು ‘ಡಿಸ್ಕಸ್ ಅಬೌಟ್’ ಎಂದು ತಪ್ಪಾಗಿ ಬರೆಯುವುದರ ಹಿಂದೆಯೂ ಈ ಒಂಟಿ ಅರ್ಥದ ಅಭ್ಯಾಸವೇ ಇದೆ. ‘ಚರ್ಚಿಸು’ ಎಂದಷ್ಟೇ ಕಲಿತಾಗ, ನಾವು ದಿನಾ ಆಡುವ ‘ಬಗ್ಗೆ ಚರ್ಚಿಸು’ವಿನ ‘ಬಗ್ಗೆ’ಯೂ ಬೆನ್ನಿಗಂಟಿಕೊಂಡು ಹೋಗುತ್ತದೆ.

ಕನ್ನಡ ಬೇಡವೆಂದು ಹೇಳುತ್ತಿಲ್ಲ. ‘ಬ್ರ್ಯಾಕಿಶ್’ಗೆ ‘ಉಪ್ಪಾದ’ ಎಂದು ಬರೆದರೆ ಅರ್ಥ ಕೆಟ್ಟಿತು, ಏಕೆಂದರೆ ಕಡಲ ನೀರು ಉಪ್ಪು, ಆದರೆ ಬ್ರ್ಯಾಕಿಶ್ ಅಲ್ಲ. ಹೊಳೆಯ ನೀರಿಗೆ ಕಡಲ ನೀರು ಬೆರೆತು ಅಘನಾಶಿನಿ ಹೊಳೆಯಂಚಿನ ಗಜನಿ ಗದ್ದೆಗೆ ನುಗ್ಗುತ್ತದಲ್ಲ, ಕಗ್ಗ ಭತ್ತ ತಾಳಿಕೊಳ್ಳುವ ನೀರು, ಅದು ಬ್ರ್ಯಾಕಿಶ್ ಎಂದರೆ ಕುಮಟಾದ ಹುಡುಗಿಗೆ ನಿಘಂಟೇ ಬೇಡ.

ಕಲಿಯುವವರಿಗಾಗಿಯೇ ಬರೆದ ಇಂಗ್ಲಿಷ್ ನಿಘಂಟುಗಳಲ್ಲಿ ಇದಕ್ಕೆ ಮಾದರಿ ಇದೆ. 1978ರ ಲಾಂಗ್‌ಮನ್ ನಿಘಂಟು ಸುಮಾರು 2,000 ಸಾಮಾನ್ಯ ಪದಗಳಲ್ಲೇ ಅರ್ಥವಿವರಣೆ ಬರೆಯುವ ಕಟ್ಟುಪಾಡು ಹಾಕಿಕೊಂಡಿತು. 1987ರ ಕೋಬಿಲ್ಡ್ ನಿಘಂಟು ವಿವರಣೆಯನ್ನೇ ಪೂರ್ತಿ ವಾಕ್ಯ ಮಾಡಿತು. ಹಾಗಾಗಿ ಪದದ ಅರ್ಥದ ಜೊತೆಗೆ ಅದನ್ನು ಬಳಸುವ ರೀತಿಯೂ ಅಲ್ಲೇ ಕಾಣುತ್ತದೆ.

ಎಷ್ಟು ಪದ ಎಂಬುದಕ್ಕೂ ಲೆಕ್ಕವಿದೆ. ಕಲಿಯುವವರು ಪದಕ್ಕೊಂದು ಚೀಟಿ ಮಾಡಿಕೊಳ್ಳಲಿ: ಒಂದು ಬದಿ ಆ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಹಿಂಬದಿ ಪದ ಮತ್ತು ವಿವರಣೆ. ಕಲಿತ ಮೇಲೆ 1, 3, 7, 21ನೇ ದಿನ ಮತ್ತೆ ನೋಡಬೇಕು, ತಪ್ಪಿದ ಚೀಟಿ ಮತ್ತೆ ಮೊದಲಿನಿಂದ. ದಿನಕ್ಕೆ ಹತ್ತು ಹೊಸ ಪದವಾದರೆ ಮೂರು ವಾರ ಕಳೆಯುವಷ್ಟರಲ್ಲಿ ದಿನವೂ 40 ಹಳೆಯ ಚೀಟಿ ಎದುರಿಗೆ ಬರುತ್ತವೆ, ತಪ್ಪಿದವು ಬೇರೆ. ಹೆಚ್ಚಿನವರು ಕೈಬಿಡುವುದು ಅಲ್ಲೇ. ಮೂರೇ ಪದವಾದರೆ 12 ಚೀಟಿ, ಬಸ್ಸು ಕಾಯುವಾಗ ಮುಗಿಯುತ್ತದೆ.

ಆದ್ದರಿಂದ ದಿನಕ್ಕೆ ಮೂರೇ ಪದ ಹಾಕಿ. ಪ್ರತಿ ಪದಕ್ಕೂ ಒಂದು ಸಾಲಿನ ಸರಳ ವಿವರಣೆ, ಬೇರೆಬೇರೆ ಸಂದರ್ಭದ ಎರಡು ವಾಕ್ಯ, ಜೊತೆಗೆ ಬರುವ ಪದ ಇರಲಿ. ಭಾನುವಾರ ಹೊಸ ಪದ ಬೇಡ, ವಾರದ 18 ಪದಗಳಿಗೂ ಹೊಸ ವಾಕ್ಯ ಬರೆದು, ಜಾಗ ಖಾಲಿ ಬಿಟ್ಟು, ಕ್ರಮ ಕಲಸಿ ಕೊಡಿ. ಉತ್ತರವನ್ನು ಅದೇ ಪುಟದಲ್ಲಿ ತಲೆಕೆಳಗಾಗಿ ಅಚ್ಚು ಮಾಡದೆ ಸೋಮವಾರ ಹಾಕಿ. ಇಲ್ಲದಿದ್ದರೆ ಪತ್ರಿಕೆ ಮೊದಲು ತಿರುಗುವುದೇ ಆ ಕಡೆಗೆ.

– ಇಂಗ್ಲಿಷ್ ಬೋಧಕರು, ಶಿರಸಿ