ಬಾಗಿಲ ಬಳಿಯ ಚೀಟಿ ಓದಿದ ಮೇಲೆ ಕೊಳ್ಳಿ

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಸಂಘದ ಪತ್ರಿಕೆಯ ಸಂಪಾದಕರಿಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಚಳಿಗಾಲವಿಡೀ ತಮ್ಮ ಕವಿತೆ ಯಾವ ಸಂಚಿಕೆಯಲ್ಲಿ ಬರುತ್ತದೆಂದು ವಿಚಾರಿಸುತ್ತಿದ್ದವರು ಈಗ ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಗಾಡಿ) ಪ್ರವಾಸಕ್ಕೆ ಏನೇನು ಕೊಳ್ಳಬೇಕೆಂದು ಕೇಳುತ್ತಾರೆ. ಕೆಲವರದು ಕಾರಿಗೆ ಕಟ್ಟಿ ಎಳೆಯುವ ಸ್ವಂತ ಟ್ರೇಲರ್, ಹೆಚ್ಚಿನವರದು ತಾನೇ ಓಡುವ ಬಾಡಿಗೆಯ ಮೋಟಾರ್‌ಹೋಮ್. ಇಬ್ಬರ ಕೈಯಲ್ಲೂ ಉದ್ದನೆಯ ಪಟ್ಟಿ ಇರುತ್ತದೆ: ಮಡಚುವ ಮೇಜು, ಮಡಚುವ ಒಲೆ, ಮಡಚುವ ಬಕೆಟ್ಟು, ಬಣ್ಣ ಬದಲಿಸುವ ದೀಪದ ಸರ. ಈ ವ್ಯಾಪಾರದಲ್ಲಿ ಮಡಚಲು ಬಾರದ್ದು ಬಿಲ್ಲಿನ ಮೊತ್ತ ಒಂದೇ.

ಪಟ್ಟಿ ಬರೆಯುವ ಮುನ್ನ ಒಂದು ಕೆಲಸ ಮಾಡಿ. ಅಮೆರಿಕದಲ್ಲಿ ಮಾರಾಟವಾಗುವ ಪ್ರತಿ ಹೊಸ ಆರ್‌ವಿಯ ಮೇಲೂ, ಸಾಮಾನ್ಯವಾಗಿ ಬಾಗಿಲ ಬಳಿಯಲ್ಲಿ, ಅದು ಎಷ್ಟು ಭಾರ ಹೊರಬಲ್ಲದೆಂದು ತಿಳಿಸುವ ಚೀಟಿ ಅಂಟಿಸಿರುತ್ತಾರೆ. ಟ್ರೇಲರ್ ಆದರೆ ಸಾಮಾನಿನ ಭಾರ. ಮೋಟಾರ್‌ಹೋಮ್ ಆದರೆ ಸಾಮಾನು ಮತ್ತು ಒಳಗೆ ಕೂರುವ ಜನ ಸೇರಿದ ಭಾರ. ನೀರೂ ಆ ಲೆಕ್ಕದಲ್ಲೇ ಬರುತ್ತದೆ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ; 40 ಗ್ಯಾಲನ್‌ನ ತೊಟ್ಟಿ ತುಂಬಿಸಿದರೆ 330 ಪೌಂಡ್ ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ ಹಾಸಿಗೆ, ಪಾತ್ರೆ, ಕುರ್ಚಿ, ಮಕ್ಕಳ ಸೈಕಲ್ಲು ಎಲ್ಲವೂ ಹಿಡಿಯಬೇಕು. ಮಿತಿ ಮೀರಿದ ಭಾರದ ಪೆಟ್ಟು ಮೊದಲು ಬೀಳುವುದು ಟೈರುಗಳ ಮೇಲೆ, ಅದೂ ಬಿಸಿಲಿನ ಹೆದ್ದಾರಿಯಲ್ಲಿ. ಹಾಗಾಗಿ ನಾನು ಯಾವ ಸಾಧನವನ್ನು ನೋಡಿದರೂ ಕೇಳುವುದು ಒಂದೇ ಮಾತು: ಇದು ತನ್ನ ತೂಕಕ್ಕೆ ತಕ್ಕ ಕೆಲಸ ಮಾಡುತ್ತದೆಯೇ?

ಈ ಪರೀಕ್ಷೆಯಲ್ಲಿ ಮೊದಲ ಸ್ಥಾನ ಕೆಟ್ಟ ಕರೆಂಟಿನಿಂದ ಗಾಡಿಯನ್ನು ಕಾಪಾಡುವ ಪೆಟ್ಟಿಗೆಗೆ. ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಗೆ ಕರೆಂಟ್ ಕೊಡುವ ಕಂಬದ ಪ್ಲಗ್ಗುಗಳಿಗೆ ವರ್ಷಗಟ್ಟಲೆ ಅಪರಿಚಿತರು ತಂತಿ ಚುಚ್ಚಿ ಕಿತ್ತಿರುತ್ತಾರೆ. ಒಳಗಿನ ಸಂಪರ್ಕ ಸಡಿಲವಾಗಿರಬಹುದು, ಭೂಸಂಪರ್ಕವೇ ಇಲ್ಲದಿರಬಹುದು. 50 ಆಂಪಿಯರ್‌ನ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಿದ್ದರಂತೂ 120 ವೋಲ್ಟ್ ಬರಬೇಕಾದ ಕಡೆ ಅದಕ್ಕಿಂತ ಬಹಳ ಹೆಚ್ಚು ನುಗ್ಗಿ ಟಿವಿ, ಮೈಕ್ರೋವೇವ್, ಚಾರ್ಜರ್ ಎಲ್ಲವನ್ನೂ ಒಂದೇ ಸಲಕ್ಕೆ ಸುಟ್ಟುಬಿಡಬಹುದು. ಬರೀ ಸರ್ಜ್ ಪ್ರೊಟೆಕ್ಟರ್ ಎಂದು ಮಾರುವ ಅಗ್ಗದ ವಸ್ತು ಸಿಡಿಲಿನಂಥ ಕ್ಷಣಿಕ ಏರಿಕೆಯನ್ನು ತಡೆಯುತ್ತದೆ, ಅಷ್ಟೆ. ನಿಮಗೆ ಬೇಕಾದದ್ದು ಇಎಂಎಸ್ ಎಂದು ಕರೆಯುವ ಪೂರ್ಣ ಸಾಧನ. ಅದು ತಂತಿಗಳ ಜೋಡಣೆಯನ್ನು ಮೊದಲು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಕರೆಂಟನ್ನು ಒಳಗೆ ಬಿಡುತ್ತದೆ. ವೋಲ್ಟೇಜ್ ಸುಮಾರು 104ಕ್ಕಿಂತ ಇಳಿದರೂ 132ಕ್ಕಿಂತ ಏರಿದರೂ ಸಂಪರ್ಕ ಕಡಿಯುತ್ತದೆ. ಇಳಿಕೆಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೆಕೆಯ ಮಧ್ಯಾಹ್ನ ಕ್ಯಾಂಪಿನಲ್ಲಿರುವ ಎಲ್ಲರೂ ಎಸಿ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ, ಎಸಿಯ ಕಂಪ್ರೆಸರ್ ಕಾದು ಕಾದು ಹಾಳಾಗುತ್ತದೆ.

ಆಂಪಿಯರ್ ಲೆಕ್ಕ ತಿಳಿದಿದ್ದರೆ ಅರ್ಧ ಜಗಳ ತಪ್ಪುತ್ತದೆ. 30 ಆಂಪಿಯರ್ ಸಂಪರ್ಕ ಕೊಡುವುದು 120 ವೋಲ್ಟಿನಲ್ಲಿ 3,600 ವ್ಯಾಟ್. 50 ಆಂಪಿಯರ್‌ನದ್ದು ತಲಾ 120 ವೋಲ್ಟಿನ ಎರಡು ತಂತಿಗಳಲ್ಲಿ ಬರುವುದರಿಂದ 12,000 ವ್ಯಾಟ್. ಹೆಸರಿನಲ್ಲಿರುವ ವ್ಯತ್ಯಾಸ ಇಪ್ಪತ್ತೇ ಆದರೂ ಬಲದಲ್ಲಿ ಮೂರು ಪಟ್ಟಿಗೂ ಮಿಗಿಲು. 30ರ ಗಾಡಿಯಲ್ಲಿ ಎಸಿ, ಮೈಕ್ರೋವೇವ್ ಮತ್ತು ವಿದ್ಯುತ್ತಿನಿಂದ ಕಾಯುವ ಬಿಸಿನೀರಿನ ಹಂಡೆ ಈ ಮೂರೂ ಹನ್ನೆರಡು ಆಂಪಿಯರ್‌ನ ಆಸುಪಾಸಿನಲ್ಲಿ ಎಳೆಯುತ್ತವೆ. ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳಲೇಬೇಕು. ಹಂಡೆಯನ್ನು ಗ್ಯಾಸಿಗೆ ತಿರುಗಿಸಿ, ಮೈಕ್ರೋವೇವ್ ಓಡುವಷ್ಟು ಹೊತ್ತು ಎಸಿ ನಿಲ್ಲಿಸಿ. ಒಂದು ಗಾತ್ರದ ಪ್ಲಗ್ಗನ್ನು ಇನ್ನೊಂದಕ್ಕೆ ಹೊಂದಿಸುವ ಅಡಾಪ್ಟರ್ ಖಂಡಿತ ಜೊತೆಗಿರಲಿ, ಆದರೆ ಅದು ಪ್ಲಗ್ಗಿನ ಆಕಾರ ಬದಲಿಸುತ್ತದೆಯೇ ಹೊರತು ಇಲ್ಲದ ಕರೆಂಟನ್ನು ಹುಟ್ಟಿಸುವುದಿಲ್ಲ. ಪ್ಲಗ್ ಹಾಕುವಾಗಲೂ ತೆಗೆಯುವಾಗಲೂ ಕಂಬದ ಬ್ರೇಕರ್ ಆಫ್ ಆಗಿರಬೇಕು.

ಸ್ವಂತ ಟ್ರೇಲರ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಮನೆಯ ಗ್ಯಾರೇಜಿನಲ್ಲಿ ಆರ್‌ವಿಗೆಂದು ಮೂವತ್ತು ಆಂಪಿಯರ್ ಪ್ಲಗ್ ಹಾಕಿಸುವಾಗ ಅದು 120 ವೋಲ್ಟಿನದು, ಟಿಟಿ-30 ಮಾದರಿಯದು ಎಂದು ಎಲೆಕ್ಟ್ರಿಷಿಯನ್‌ಗೆ ಬಾಯಿಬಿಟ್ಟು ಹೇಳಿ. ಮೂವತ್ತು ಆಂಪಿಯರ್ ಎಂದರೆ ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟ್ ಸಂಪರ್ಕವೆಂದು ತಿಳಿದು ಹಾಗೆಯೇ ತಂತಿ ಎಳೆಯುವ ಪ್ರಮಾದ ಈ ದೇಶದಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಗಾಡಿಯನ್ನು ಜೋಡಿಸುವ ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡುವುದಕ್ಕೆ ಒಂದು ನಿಮಿಷ ಸಾಕು.

ನೀರಿನ ವಿಷಯದಲ್ಲಿ ಅಂಗೈಯಲ್ಲಿ ಹಿಡಿಯುವ ಹಿತ್ತಾಳೆಯ ತುಣುಕೊಂದು ನನ್ನ ಮೆಚ್ಚಿನದು: ಒತ್ತಡ ನಿಯಂತ್ರಕ. ಆರ್‌ವಿಯ ಕೊಳವೆಗಳಿಗೆ 40ರಿಂದ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಹಿತ. ಗುಡ್ಡದ ತಪ್ಪಲಿನ ಕ್ಯಾಂಪುಗಳಲ್ಲಿ ನಲ್ಲಿಯ ಒತ್ತಡ ನೂರನ್ನೂ ದಾಟಬಹುದು. ಆಗ ಸಿಂಕಿನ ಕೆಳಗಿನ ಪ್ಲಾಸ್ಟಿಕ್ ಜೋಡಣೆ ಬಿಟ್ಟುಕೊಂಡರೆ ನೀವು ನಡಿಗೆ ಮುಗಿಸಿ ಬರುವಷ್ಟರಲ್ಲಿ ನೆಲವೆಲ್ಲ ನೀರಾಗಿರುತ್ತದೆ. ನಿಯಂತ್ರಕವನ್ನು ನಲ್ಲಿಯ ತುದಿಗೆ ಹಾಕಿ, ಗಾಡಿಯ ತುದಿಗಲ್ಲ. ಪೈಪಿಗೂ ರಕ್ಷಣೆ ಸಿಗುತ್ತದೆ. ತೀರಾ ಅಗ್ಗದವು ನೀರಿನ ಹರಿವನ್ನೇ ಕಟ್ಟಿಹಾಕಿ ಸ್ನಾನವನ್ನು ತೊಟ್ಟಿಕ್ಕುವ ಹನಿಗೆ ಇಳಿಸುತ್ತವೆ. ಮಾಪಕವಿರುವ, ತಿರುಪು ಹೊಂದಿಸಬಹುದಾದ ಬಗೆಗೆ ಸ್ವಲ್ಪ ಹೆಚ್ಚು ಕೊಡುವುದು ನ್ಯಾಯ. ಊರಿಂದೂರಿಗೆ ಬದಲಾಗುವ ನೀರಿನ ರುಚಿಗೆ ಇದ್ದಿಲಿನ ಸೋಸುಗ ಜೋಡಿಸಿದರೆ ಆಯಿತು. ವರ್ಷದ ಮೊದಲ ಪ್ರವಾಸಕ್ಕೆ ಮುನ್ನ ತೊಟ್ಟಿಗೆ 15 ಗ್ಯಾಲನ್‌ಗೆ ಕಾಲು ಕಪ್ಪಿನಂತೆ ವಾಸನೆ ಬೆರೆಸದ ಸಾದಾ ಬ್ಲೀಚ್ ಹಾಕಿ ನೀರು ತುಂಬಿಸಿ, ಎಲ್ಲ ನಲ್ಲಿಗಳಲ್ಲೂ ಹರಿಸಿ, ಕೆಲವು ಗಂಟೆ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ತೊಳೆಯಿರಿ. ಬಿಸಿನೀರಿನ ಹಂಡೆಯಲ್ಲಿ ನೀರು ತುಂಬಿದೆಯೆಂದು ಖಚಿತವಾಗುವವರೆಗೆ ಅದರ ವಿದ್ಯುತ್ ಗುಂಡಿಯನ್ನು ಮುಟ್ಟಬೇಡಿ; ಒಣ ಹಂಡೆಯಲ್ಲಿ ಕಾಯಿಸುವ ಸುರುಳಿ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.

ಇನ್ನು ಯಾರೂ ಬಾಯಿಬಿಡದ, ಎಲ್ಲರಿಗೂ ಬೇಕಾದ ವಿಷಯ. ಶೌಚದ ತೊಟ್ಟಿಯ ಕವಾಟವನ್ನು ಚರಂಡಿಗೆ ಜೋಡಿಸಿದ್ದೀರೆಂದು ತೆರೆದಿಡಬೇಡಿ. ದ್ರವ ಹರಿದುಹೋಗಿ ಘನ ಮಾತ್ರ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಅದನ್ನು ಕರಗಿಸುವುದು ರಜೆ ಕಳೆಯುವ ಬಗೆಯಲ್ಲ. ಮೂರನೇ ಎರಡು ಭಾಗ ತುಂಬಿದ ಮೇಲೆ ಮೊದಲು ಅದನ್ನು, ನಂತರ ಸಿಂಕು ಮತ್ತು ಸ್ನಾನದ ನೀರಿನ ತೊಟ್ಟಿಯನ್ನು ಬಿಟ್ಟರೆ ಎರಡನೆಯದು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಪಾರದರ್ಶಕ ಮೊಣಕೈ ಜೋಡಣೆ ನೋಡಲು ಅಸಹ್ಯವಾದರೂ ತೊಟ್ಟಿ ನಿಜಕ್ಕೂ ಖಾಲಿಯಾಯಿತೇ ಎಂಬುದನ್ನು ಹೇಳುವುದು ಅದೊಂದೇ. ಗೋಡೆಯ ಮೇಲಿನ ಸೂಚಕ ದೀಪಗಳು ಬಹುಬೇಗ ಸುಳ್ಳು ಹೇಳಲು ಕಲಿಯುತ್ತವೆ. ಕೈಗವಸಿನ ಡಬ್ಬಿ ಇರಲಿ. ಈ ಕೆಲಸದ ಪೈಪು ಬೇರೆ ಬಣ್ಣದ್ದಾಗಿರಲಿ, ಕುಡಿಯುವ ನೀರಿನ ಪೈಪಿನ ಪಕ್ಕದಲ್ಲಿ ಅದನ್ನು ಎಂದೂ ಇಡಬೇಡಿ.

ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸುವುದು ನಿದ್ದೆಯ ಸುಖಕ್ಕಾಗಿ ಮಾತ್ರ ಎಂದುಕೊಂಡಿರುವವರು ತಮ್ಮ ಫ್ರಿಜ್ ಯಾವ ಬಗೆಯದೆಂದು ನೋಡಬೇಕು. ಗ್ಯಾಸಿನಲ್ಲೂ ಓಡುವ ಹಳೆಯ ಬಗೆಯ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯ ದ್ರಾವಣ ಕಾದು ಮೇಲೇರಿ, ತಣಿದು, ತನ್ನ ಭಾರದಿಂದಲೇ ಕೆಳಗಿಳಿದು ಬರಬೇಕು. ನಿಂತ ಗಾಡಿ ಓರೆಯಾಗಿದ್ದರೆ ಅದು ಎಲ್ಲೋ ಮಡುಗಟ್ಟಿ, ಕಾಯಿಸುವ ಭಾಗ ಮಿತಿಮೀರಿ ಬಿಸಿಯಾಗಿ, ಕೊನೆಗೆ ಯಂತ್ರವೇ ಕೆಡುತ್ತದೆ. ಈಚಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜುಗಳಿಗೆ ಈ ಪೇಚು ಇಲ್ಲ. ಮೊಬೈಲಿಗೆ ಕೋನ ತೋರಿಸುವ ಬ್ಲೂಟೂತ್ ಸಾಧನ ಸೊಗಸಾಗಿದೆ, ಆದರೆ ಗಾರೆ ಕೆಲಸದವರ ರಸಮಟ್ಟ ಅದೇ ಕೆಲಸವನ್ನು ಬ್ಯಾಟರಿಯಿಲ್ಲದೆ ಮಾಡುತ್ತದೆ. ಟ್ರೇಲರ್ ಆದರೆ ಮೊದಲು ಎಡಬಲ ಸರಿಮಾಡಿ, ಚಕ್ರಗಳಿಗೆ ಅಡೆ ಕೊಟ್ಟು, ಆಮೇಲೆಯೇ ಕಾರಿನಿಂದ ಬಿಡಿಸಿ. ಹಿಂದುಮುಂದಿನ ಏರಿಳಿತ ಕೊನೆಗೆ. ಮೂಲೆಗಳ ಜ್ಯಾಕುಗಳು ಅಲುಗಾಟ ತಡೆಯಲು ಇರುವಂಥವು, ಗಾಡಿ ಎತ್ತಲು ಅಲ್ಲ.

ಒಳಗಿನ ಗಾಳಿಗೆ ಚಾವಣಿಯ ಫ್ಯಾನು ಮತ್ತು ಅದರ ಮೇಲಿನ ಮಳೆಮರೆ ಸಾಕು. ಗ್ಯಾಸ್ ಒಲೆ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದಕ್ಕೆ ಮಲಗಿದವರ ಉಸಿರು ಸೇರುತ್ತದೆ. ಮಳೆಯೆಂದು ಎಲ್ಲ ಮುಚ್ಚಿಕೊಂಡರೆ ಬೆಳಗಾಗುವಷ್ಟರಲ್ಲಿ ಕಿಟಕಿಯಿಂದ ಹಾಸಿಗೆಗೆ ನೀರಿಳಿಯುತ್ತದೆ. ಒಲೆಯನ್ನು ಚಳಿ ಕಾಯಿಸಲು ಹಚ್ಚುವುದಂತೂ ಕೂಡದು. ಕಾರ್ಬನ್ ಮಾನಾಕ್ಸೈಡ್ ಸೂಚಕಕ್ಕೂ, ನೆಲದ ಹತ್ತಿರವಿರುವ ಪ್ರೊಪೇನ್ ಸೂಚಕಕ್ಕೂ ಆಯುಸ್ಸಿದೆ. ಹಿಂಬದಿಯ ದಿನಾಂಕ ನೋಡಿ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಆ ಸೂಚಕದ ಮುಂದೆ ಚೀಲ, ಚಪ್ಪಲಿ ಒಟ್ಟಬೇಡಿ.

ಕರೆಂಟಿಲ್ಲದ ಕಾಡಿನ ಜಾಗಗಳಿಗೆ ಹೋಗುವವರು ಸೌರಫಲಕಕ್ಕಿಂತ ಮೊದಲು ಬ್ಯಾಟರಿ ಮಾಪಕ ಕೊಳ್ಳಲಿ. ಎಷ್ಟು ಖರ್ಚಾಗುತ್ತಿದೆಯೆಂದು ತಿಳಿಯದೆ ಎಷ್ಟು ಬೇಕೆಂದು ಹೇಗೆ ಗೊತ್ತಾಗಬೇಕು? ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಿ ನಿಲ್ಲಿಸಬೇಕು. ಲಿಥಿಯಂ ಬ್ಯಾಟರಿ ಹಗುರ, ಬಹುಪಾಲನ್ನೂ ಬಳಸಬಹುದು. ಆದರೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ.

ಕಾಸಿಲ್ಲದ ಸಾಧನವೂ ಒಂದಿದೆ: ನಿಮ್ಮ ಗಾಡಿಯ ಎತ್ತರ, ಉದ್ದ, ಅಗಲ ಬರೆದ ಕಾಗದ, ಚಾಲಕನ ಕಣ್ಣೆದುರು. ಎತ್ತರವನ್ನು ಚಾವಣಿಯ ಎಸಿಯ ತುದಿಯವರೆಗೆ ಅಳೆಯಿರಿ. ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಇಂಚು ಎತ್ತರವಿದ್ದ ರೈಲು ಸೇತುವೆಯೊಂದು ವಾಹನಗಳ ಚಾವಣಿ ಸುಲಿಯುವುದಕ್ಕೇ ಹೆಸರುವಾಸಿ. 2019ರಲ್ಲಿ ಅದನ್ನು ಎಂಟು ಇಂಚು ಎತ್ತರಿಸಿದರು. ಅದಾದ ಮೇಲೂ ಲಾರಿಗಳು ಹೋಗಿ ಗುದ್ದಿವೆ. ಮಿನುಗುವ ದೀಪ, ಫಲಕ ಎಲ್ಲವೂ ಅಲ್ಲಿವೆ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯ ನಡುಭಾಗದಲ್ಲಿ 21 ಅಡಿಗಿಂತ ಉದ್ದದ ಅಥವಾ ಕನ್ನಡಿಯೂ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. ಕಾರಿನ ಮಾಮೂಲು ನಕ್ಷೆಗೆ ನಿಮ್ಮ ಎತ್ತರವೂ ಗೊತ್ತಿಲ್ಲ, ಉದ್ದವೂ ಗೊತ್ತಿಲ್ಲ.

ಹೊರಡುವಾಗ ಬಿಡಬಹುದಾದ ಭಾರವೂ ಬಹಳಷ್ಟಿದೆ. ಸೌದೆ ಬೇಡವೇ ಬೇಡ. 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ ಹಸಿರು ಕೊರೆಹುಳು ಆ್ಯಷ್ ಮರಗಳನ್ನು ಕೋಟ್ಯಂತರ ಸಂಖ್ಯೆಯಲ್ಲಿ ಕೊಂದಿದೆ, ಅದು ಊರೂರು ದಾಟಿದ್ದರಲ್ಲಿ ಪ್ರವಾಸಿಗರ ಸೌದೆಯ ಪಾಲೂ ಇದೆ. ಉರಿಸುವ ಜಾಗದಲ್ಲೇ ಕೊಳ್ಳಿ. ಹೊರಗಿಡುವ ಧ್ವನಿವರ್ಧಕವನ್ನು ಮನೆಯಲ್ಲೇ ಬಿಡಿ. ರಾತ್ರಿ ಹತ್ತರ ಮೇಲೆ ಸದ್ದು ಕೂಡದೆಂಬ ನಿಯಮ ಹೆಚ್ಚುಕಡಿಮೆ ಎಲ್ಲ ಕ್ಯಾಂಪುಗಳಲ್ಲೂ ಇದೆ, ಹತ್ತಕ್ಕೆ ಮುಂಚೆಯೂ ಪಕ್ಕದವರು ನಿಮ್ಮ ಹಾಡು ಕೇಳಲು ಬಂದವರಲ್ಲ. ಬಣ್ಣದ ದೀಪದ ಸರದ ಬಗ್ಗೆ ನನ್ನ ಅಭಿಪ್ರಾಯ ಬರೆದರೆ ಮನೆಯಲ್ಲೇ ವಿರೋಧ ಬರುವುದರಿಂದ ಅದನ್ನು ಬಿಟ್ಟಿದ್ದೇನೆ.

ಬಾಡಿಗೆಗೆ ಒಯ್ಯುವವರು ಗಾಡಿ ಕೈಗೆ ಬಂದ ಕೂಡಲೇ ಒಳಗೂ ಹೊರಗೂ ವಿಡಿಯೋ ಮಾಡಿಕೊಳ್ಳಲಿ, ಪ್ರತಿ ಗುಂಡಿಯನ್ನೂ ಮಾಲೀಕರ ಎದುರೇ ಒತ್ತಿಸಿ ನೋಡಲಿ. ಆದರೆ ವರ್ಷಕ್ಕೊಮ್ಮೆ ಹೋಗುವವರು ಇಎಂಎಸ್ ಪೆಟ್ಟಿಗೆಯನ್ನು ಸ್ವಂತಕ್ಕೆ ಕೊಳ್ಳುವುದು ದಂಡ. ಅದಕ್ಕಾಗಿ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಇಡುತ್ತಿದ್ದೇನೆ. ರಂಗಸಜ್ಜಿಕೆ ಮತ್ತು ಕುರ್ಚಿಗಳ ಜೊತೆಗೆ ಸಂಘದ ಉಗ್ರಾಣದಲ್ಲಿ ಒಂದು ಆರ್‌ವಿ ಪೆಟ್ಟಿಗೆಯೂ ಇರಲಿ: 30 ಮತ್ತು 50 ಆಂಪಿಯರ್‌ನ ಇಎಂಎಸ್, ಅಡಾಪ್ಟರುಗಳು, ಒತ್ತಡ ನಿಯಂತ್ರಕ, ಮಟ್ಟದ ಹಲಗೆಗಳು, ಚಕ್ರದ ಅಡೆಗಳು, ಮಲ್ಟಿಮೀಟರ್. ಒಯ್ಯುವವರು ಹೆಸರು ಬರೆದು ಒಯ್ಯಲಿ, ಒರೆಸಿ ತಂದಿಡಲಿ. ಮನೆಯಲ್ಲಿ ಸುಮ್ಮನೆ ಬಿದ್ದಿರುವ ವಸ್ತುಗಳನ್ನು ಕೊಡಲು ಮನಸ್ಸಿದ್ದವರು ಮುಂದಿನ ಸಭೆಗೆ ತರಬಹುದು. ಶೌಚದ ಪೈಪುಗಳನ್ನು ಮಾತ್ರ, ಎಷ್ಟೇ ಹೊಸದೆಂದು ಹೇಳಿದರೂ, ಸ್ವೀಕರಿಸಲಾಗುವುದಿಲ್ಲ.