ನಮ್ಮ ಫ್ರೀಜರಿನಲ್ಲಿರುವ ಬಾಟಲಿಯನ್ನು ಪರೀಕ್ಷೆ ಮಾಡಿಸಿ: ಮಹಾರಾಷ್ಟ್ರದ ಔಷಧ ಆಡಳಿತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಇದೇ ಪತ್ರವನ್ನು ಮರಾಠಿಯಲ್ಲಿ ಬರೆದು ನಿಮಗೆ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಕನ್ನಡದಲ್ಲಿ ಇಲ್ಲಿ ಹಾಕುತ್ತಿರುವುದು ಡೊಂಬಿವಲಿ, ಮುಲುಂದ್, ಮಾಟುಂಗದ ನಮ್ಮವರೂ ಓದಲಿ ಅಂತ. ಅವರ ಮನೆಗಳಲ್ಲೂ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ 31 ವರ್ಷ ಕೂತವಳು. ಸರಕಾರಿ ಕೆಲಸ ನಿಧಾನ ಅನ್ನುವುದು ಗೊತ್ತು. ಅದಕ್ಕೇ, ನನ್ನ ಮಗ ಫೋನಿನಲ್ಲಿ ತರಿಸಿದ ಸೆಲಾಂಕ್ ಅನ್ನುವ ಮೂಗಿನ ಸ್ಪ್ರೇಯ ಬಾಟಲಿಯನ್ನು ಪರೀಕ್ಷೆ ಮಾಡಿಸಲಿಕ್ಕೆ ಐದು ತಿಂಗಳು ತಾಳ್ಮೆಯಿಂದ ಕಾದೆ. ಇನ್ನು ಕಾಯಲಾರೆ.

ನನ್ನ ಮಗ ಸಿಎ ಫೈನಲ್‌ಗೆ ಓದುತ್ತಿದ್ದಾನೆ. ಒಮ್ಮೆ ಫೇಲಾದ ಮೇಲೆ ಅವನಿಗೆ ಆತಂಕ ಶುರುವಾಯಿತು. ರಾತ್ರಿ ಎದೆ ಹೊಡೆದುಕೊಳ್ಳುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ ಅನ್ನುತ್ತಿದ್ದ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಮಾತ್ರೆ ಬರೆದುಕೊಟ್ಟರು. ಏಳು ತಿಂಗಳಲ್ಲಿ ಹುಡುಗ ಊಟ, ನಿದ್ದೆ ಎಲ್ಲ ಸರಿಯಾಗಿ ಮಾಡುವಂತಾಗಿದ್ದ.

ಆಮೇಲೆ ಜಿಮ್ಮಿನಲ್ಲಿ ಯಾರೋ ಒಬ್ಬ ಸೆಲಾಂಕ್ ಅಂತ ಹೆಸರು ಹೇಳಿದ. 'ಮೂಗಿಗೆ ಹೊಡ್ಕೊಂಡರೆ ಸಾಕು, ಟೆನ್ಶನ್ ಹೋಗುತ್ತೆ, ಫೋಕಸ್ ಬರುತ್ತೆ, ಮಾತ್ರೆ ಥರ ಮಂಪರು ಇಲ್ಲ' ಅಂದನಂತೆ. ಮಗ ನಮಗೆ ಹೇಳದೆ ಫೋನಿನಲ್ಲೇ ತರಿಸಿಕೊಂಡ. ಪುಟ್ಟ ಗಾಜಿನ ಬಾಟಲಿ, ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ಅದನ್ನು ಕರಗಿಸುವ ನೀರು ಬೇರೆ, ಸ್ಪ್ರೇ ಡಬ್ಬಿ ಬೇರೆ. ಡಾಕ್ಟರ ಚೀಟಿಯನ್ನು ಯಾರೂ ಕೇಳಲಿಲ್ಲ. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ, ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ತಯಾರಿಸಿದವರ ವಿಳಾಸ ಇಲ್ಲ. ಲೈಸೆನ್ಸ್ ನಂಬರ್ ಇಲ್ಲ. ಅದೇ ಮಾರಾಟಗಾರ ವಾಟ್ಸಾಪಿನಲ್ಲಿ ಮಾತ್ರ, ದಿನಕ್ಕೆ ಎಷ್ಟು ಸಲ ಮೂಗಿಗೆ ಹೊಡೆಯಬೇಕು ಅಂತ ಬರೆದು ಕಳಿಸಿದ್ದ. ಮನುಷ್ಯರ ಬಳಕೆಗಲ್ಲ ಎಂದ ಮೇಲೆ ಯಾರ ಮೂಗಿಗೆ ಹೊಡೆಯಲು ಹೇಳಿದ?

ಮಗ ಡಾಕ್ಟರ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದ. ಹತ್ತನೇ ದಿನಕ್ಕೆ ನಿದ್ದೆ ಹೋಯಿತು. ತಲೆ ತಿರುಗುತ್ತೆ, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತೆ ಅಂತ ಅಳುತ್ತಿದ್ದ. ಒಂದು ಬೆಳಿಗ್ಗೆ ಕೈ ಎಷ್ಟು ನಡುಗುತ್ತಿತ್ತೆಂದರೆ, ಚಹಾದ ಲೋಟವನ್ನು ನಾನೇ ಅವನ ಬಾಯಿಗೆ ಹಿಡಿದೆ. 24 ವರ್ಷದ ಮಗ. ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಮತ್ತೆ ಅದೇ ಡಾಕ್ಟರ ಹತ್ತಿರ ಓಡಿದೆ. ಅವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. 'ಮಾತ್ರೆ ದಿಢೀರ್ ನಿಲ್ಲಿಸಿದರೆ ಹೀಗೆಲ್ಲ ಆಗಬಹುದಮ್ಮ. ಇದರೊಳಗೆ ಏನಿದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಏನಂತ ಔಷಧ ಕೊಡಲಿ?' ಅಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಪಕ್ಕದ ಮನೆಯ ಹುಡುಗಿ ಫಾರ್ಮಸಿ ಓದಿದವಳು. ಎರಡು ಸಂಜೆ ನನ್ನ ಜೊತೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ನಮ್ಮ ರಕ್ತದಲ್ಲಿ ಟಫ್ಟ್‌ಸಿನ್ ಅನ್ನುವ ನಾಲ್ಕು ಅಮೈನೋ ಆಮ್ಲಗಳ (ಪ್ರೋಟೀನು ಕಟ್ಟುವ ಇಟ್ಟಿಗೆಗಳ) ತುಂಡೊಂದು ಇದೆಯಂತೆ, ರೋಗ ನಿರೋಧಕ ಶಕ್ತಿಗೆ ಸಂಬಂಧಪಟ್ಟದ್ದು. ಅದು ಬೇಗ ಒಡೆದುಹೋಗುತ್ತದೆ. ರಷ್ಯಾದ ವಿಜ್ಞಾನಿಗಳು ಅದರ ಬಾಲಕ್ಕೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಅದೇ ಸೆಲಾಂಕ್. ನುಂಗಿದರೆ ಹೊಟ್ಟೆಯಲ್ಲೇ ಚೂರಾಗುವ ಜಾತಿಯದ್ದು, ಅದಕ್ಕೇ ಮೂಗಿನ ದಾರಿ. ರಷ್ಯಾದಲ್ಲಿ ಮೂಗಿನ ಹನಿಯಾಗಿ ಅದಕ್ಕೆ ಅನುಮತಿ ಇದೆ. ಅಮೆರಿಕದಲ್ಲಿ ಇಲ್ಲ, ನಮ್ಮಲ್ಲೂ ಇಲ್ಲ. ಆತಂಕದ ಕಾಯಿಲೆ ಇದ್ದವರ ಮೇಲೆ 2008ರಲ್ಲಿ ಪ್ರಕಟವಾದ ರಷ್ಯಾದ ಅಧ್ಯಯನದಲ್ಲಿ ಇದ್ದದ್ದು 62 ಜನ, ಅವರಲ್ಲಿ ಸೆಲಾಂಕ್ ಕೊಟ್ಟಿದ್ದು 30 ಜನಕ್ಕೆ. ಅವರಿಗೆ ಗುಣ ಕಂಡಿತು ಅಂತ ಬರೆದಿದ್ದಾರೆ. ಕಂಡಿರಬಹುದು, ನಾನು ಸುಳ್ಳು ಅನ್ನುವುದಿಲ್ಲ. ಆದರೆ ಆ 30 ಜನಕ್ಕೆ ಕೊಟ್ಟಿದ್ದು ಡಾಕ್ಟರುಗಳ ಕಣ್ಣೆದುರು, ಏನು ಅಂತ ಗೊತ್ತಿದ್ದ ಔಷಧ. ನನ್ನ ಮಗನ ಮೂಗಿಗೆ ಹೋದದ್ದು ಏನು? ಸೆಲಾಂಕೇ ಇರಬಹುದು, ಬೇರೇನೋ ಇರಬಹುದು, ಕ್ರಿಮಿ ಸೇರಿದ ನೀರೂ ಇರಬಹುದು. ಬಾಟಲಿಯ ಜೊತೆ 99% ಶುದ್ಧ ಅಂತ ಒಂದು ಚೀಟಿ ಬಂದಿತ್ತು. ಅದರ ಮೇಲೆ ಯಾವ ಪ್ರಯೋಗಾಲಯದ ಹೆಸರೂ ಇಲ್ಲ. ಅಂಥ ಚೀಟಿಯನ್ನು ನಾನೂ ಪ್ರಿಂಟ್ ಹೊಡೆಯಬಲ್ಲೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಆ ಬಾಟಲಿಯನ್ನು ಪರೀಕ್ಷೆ ಮಾಡಿಸಿ.

ಕಾನೂನನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಸೆಕ್ಷನ್ ನಿಮಗೆ ಗೊತ್ತೇ ಇದೆ. ಯಾರೇ ಆಗಲಿ, ತಾವು ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಗೆ ಕೊಟ್ಟು ವರದಿ ಪಡೆಯಬಹುದು. ಅದನ್ನೇ ನಂಬಿಕೊಂಡು ಹೋದೆ.

ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ. ನಾನೂ ಕೌಂಟರಿನಲ್ಲಿ ಕೂತವಳು, ಒಬ್ಬರ ಹೊಟ್ಟೆಪಾಡು ತೆಗೆಯುವ ಆಸೆ ನನಗಿಲ್ಲ. ಮೊದಲ ಸಲ ಹೋದಾಗ, 'ಕಾಕೂ, ಹೇ ಔಷಧಚ ನಾಹೀ' ಅಂದರು. ಲೇಬಲ್ ಮೇಲೆ ಸಂಶೋಧನೆಗೆ ಅಂತ ಇದೆಯಲ್ಲ, ಆದ್ದರಿಂದ ಇದು ಔಷಧವೇ ಅಲ್ಲವಂತೆ, ಪೊಲೀಸರ ಹತ್ತಿರ ಹೋಗಬೇಕಂತೆ. ಪೊಲೀಸರು ಬಾಟಲಿ ನೋಡಿ, ಇದು ಔಷಧ, ಔಷಧದವರ ಹತ್ತಿರ ಹೋಗಿ ಅಂದರು. ಎರಡನೇ ಸಲ, ಬಿಲ್ಲು ನಿಮ್ಮ ಹೆಸರಿನಲ್ಲಿಲ್ಲ, ಕೊಂಡವರನ್ನೇ ಕಳಿಸಿ ಅಂದರು. ಪ್ಲಾಟ್‌ಫಾರ್ಮ್ ಮೇಲೆ ಜನ ಕಂಡರೆ ಹೆದರುತ್ತಿದ್ದ ಹುಡುಗನನ್ನು, ಬೆಳಗಿನ ಡೊಂಬಿವಲಿ ಲೋಕಲ್ಲಿನ ನೂಕುನುಗ್ಗಲಿನಲ್ಲಿ ನಿಲ್ಲಿಸಿಕೊಂಡು ಹೋದೆ. ಅವನೇ ಸಹಿ ಹಾಕಿದ.

ಈ ಪುಡಿಯನ್ನು ತಣ್ಣಗೆ ಇಡಬೇಕು. ಮೂರು ಸಲವೂ ಊಟದ ಡಬ್ಬಿಯಲ್ಲಿ ಐಸ್ ತುಂಬಿ, ಅದರ ನಡುವೆ ಬಾಟಲಿ ಇಟ್ಟು, ಮಡಿಲಲ್ಲಿ ಹಿಡಿದುಕೊಂಡು ಹೋಗಿದ್ದೆ. ಮೂರನೇ ಸಲ ತೆಗೆದುಕೊಂಡರು. ಫ್ರಿಜ್‌ನಲ್ಲಿ ಇಡಬೇಕು ಅಂತ ಎರಡು ಸಲ ಹೇಳಿದೆ. ಹೂಂ ಅಂದರು. ಸ್ವೀಕೃತಿ ಕೇಳಿದೆ, ನಾಳೆ ಬನ್ನಿ ಅಂದರು. ಮೂರು ವಾರ ಬಿಟ್ಟು ಹೋದಾಗ ನನ್ನ ಬಾಟಲಿ ಕಿಟಕಿಯ ಕಟ್ಟೆಯ ಮೇಲೆ, ಮೇ ತಿಂಗಳ ಬಿಸಿಲಿನಲ್ಲಿ, ಫೈಲುಗಳ ಪಕ್ಕ ಕೂತಿತ್ತು. 'ಸ್ಯಾಂಪಲ್ ಕೆಟ್ಟಿದೆ ಕಾಕೂ, ಪರೀಕ್ಷೆ ಆಗಲ್ಲ' ಅಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಬೈಯಲಿಕ್ಕೂ ಬಾಯಿ ಬರಲಿಲ್ಲ. 31 ವರ್ಷದಲ್ಲಿ ಯಾರ ಪಾರ್ಸೆಲನ್ನೂ ನಾನು ಬಿಸಿಲಿಗಿಟ್ಟು ಮರೆತವಳಲ್ಲ. ಮನೆ ಮುಟ್ಟುವಷ್ಟರಲ್ಲಿ ಮಗನ ಫೋನಿಗೆ ಅದೇ ಮಾರಾಟಗಾರನ ಮೆಸೇಜು ಬಂದಿತ್ತು. ಎರಡು ಬಾಟಲಿ ಕೊಂಡರೆ ಒಂದು ಫ್ರೀ.

ಮಾನ್ಯರೇ, ಲೇಬಲ್ ಮೇಲಿನ ಆ ಎರಡು ಸಾಲು ಯಾರನ್ನು ಕಾಯುತ್ತಿದೆ? ಕಾಯಿಲೆ ವಾಸಿ ಮಾಡಲಿಕ್ಕೆ ಅಂತ ಮಾರಿದ್ದು ಔಷಧವೇ, ಕಾಯ್ದೆಯ 3ನೇ ಸೆಕ್ಷನ್ ಹಾಗೇ ಹೇಳುತ್ತದೆ. ಹೊಸ ಔಷಧಕ್ಕೆ 2019ರ ನಿಯಮದ ಪ್ರಕಾರ ಕೇಂದ್ರದ ಅನುಮತಿ ಬೇಕು. ಲೈಸೆನ್ಸ್ ಇಲ್ಲದೆ ಮಾರುವುದನ್ನು ಅದೇ ಕಾಯ್ದೆಯ 18(ಸಿ) ಸೆಕ್ಷನ್ ತಡೆಯುತ್ತದೆ, 27ನೇ ಸೆಕ್ಷನ್ನಿನಲ್ಲಿ ಕನಿಷ್ಠ ಮೂರು ವರ್ಷ ಜೈಲು ಇದೆ. ಎಲ್ಲಿಂದ ತಂದೆ ಅಂತ ಇನ್‌ಸ್ಪೆಕ್ಟರ್ ಕೇಳಿದರೆ ಮಾರುವವನು ಹೇಳಲೇಬೇಕು, ಅದಕ್ಕೆ 18ಎ ಇದೆ. ಇಷ್ಟು ಕಾನೂನು ಇಟ್ಟುಕೊಂಡು ಒಂದು ಬಾಟಲಿಯನ್ನು ಪರೀಕ್ಷೆ ಮಾಡಲಿಕ್ಕೆ ನಿಮ್ಮ ಇಲಾಖೆಗೆ ಏನು ಅಡ್ಡಿ?

ಪರೀಕ್ಷೆ ಮಾಡಿಸಿ. ವರದಿಯನ್ನು ಜನರ ಮುಂದಿಡಿ. ಮಾರುವವರನ್ನು ನಿಲ್ಲಿಸಿ.

ಓದುತ್ತಿರುವ ನಮ್ಮವರಿಗೂ ಒಂದು ಮಾತು. ಮನೆಯಲ್ಲಿ ಇಂಥ ಬಾಟಲಿ ಸಿಕ್ಕಿದರೆ ಮಗುವಿಗೆ ಬೈಯಬೇಡಿ. ನಾನು ಬೈದೆ, ಅವನು ಎರಡು ದಿನ ಬಾಯೇ ಬಿಡಲಿಲ್ಲ. ಡಾಕ್ಟರ ಮಾತ್ರೆಯನ್ನು ತಾನಾಗಿ ನಿಲ್ಲಿಸದಂತೆ ನೋಡಿಕೊಳ್ಳಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ.

ಮಗ ಈಗ ಹಳೆಯ ಮಾತ್ರೆಗೆ ಮರಳಿದ್ದಾನೆ. ನಿದ್ದೆ ಬರುತ್ತಿದೆ. ಪರೀಕ್ಷೆ ಆರು ತಿಂಗಳು ಮುಂದೆ ಹೋಯಿತು, ಹೋಗಲಿ.

ಅವನು ತರಿಸಿದ್ದರಲ್ಲಿ ಇನ್ನೊಂದು ಬಾಟಲಿ ಸೀಲ್ ಒಡೆಯದೆ ಉಳಿದಿದೆ. ನಮ್ಮ ಫ್ರೀಜರಿನಲ್ಲಿ, ಬಟಾಣಿ ಪ್ಯಾಕೆಟ್ಟಿನ ಹಿಂದೆ, ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬಿಲ್ಲೂ ಮಾರಾಟಗಾರನ ಮೆಸೇಜುಗಳೂ ನನ್ನ ಹತ್ತಿರ ಇವೆ. ನಿಮ್ಮವರು ಐಸ್ ಪೆಟ್ಟಿಗೆ ತಂದು ತೆಗೆದುಕೊಂಡು ಹೋಗಲಿ. ಆಗದಿದ್ದರೆ ದಿನ, ಹೊತ್ತು ತಿಳಿಸಿ, ನಾನೇ ತರುತ್ತೇನೆ. ಶುಲ್ಕವನ್ನೂ ಕಟ್ಟುತ್ತೇನೆ. ಈ ಸಲ ಬಾಟಲಿ ಕೈಗೆ ಕೊಟ್ಟ ಕೂಡಲೇ ನನಗೆ ಸ್ವೀಕೃತಿ ಬೇಕು, ಮೊಹರು ಮತ್ತು ತಾರೀಖು ಹಾಕಿ.

ಇಂತಿ,
ಅಂಚೆ ಇಲಾಖೆಯ ಒಬ್ಬ ನಿವೃತ್ತ ನೌಕರಳು
ಡೊಂಬಿವಲಿ ಪೂರ್ವ