ಸೀಸನ್ ಆದ ಮರ ಅಂತ ಹಸಿ ಹಲಗೆ ಕಳಿಸಿದ್ದೀರಿ

ನಮಸ್ಕಾರ,

ಮೂರು ತಿಂಗಳ ಹಿಂದೆ ನಿಮ್ಮಿಂದ ತೇಗದ ಹಲಗೆ ತರಿಸಿಕೊಂಡಿದ್ದೆ. ಒಂದೂವರೆ ಇಂಚು ದಪ್ಪದ 14 ಹಲಗೆ. ಪೂರ್ತಿ ಸೀಸನ್ ಆದದ್ದು, ಅಂದರೆ ಒಳಗಿನವರೆಗೂ ಒಣಗಿಸಿದ್ದು ಅಂತ ಬಿಲ್ಲಿನಲ್ಲಿ ನೀವೇ ಬರೆದಿದ್ದೀರಿ. ಅದು ನಿಜವಲ್ಲ. ಎರಡು ಸಲ ಫೋನ್ ಮಾಡಿದೆ, ನಿಮ್ಮವರು "ಮರ ಅಂದ್ಮೇಲೆ ಸ್ವಲ್ಪ ಆಡುತ್ತೆ ಸಾರ್" ಅಂದು ಇಟ್ಟುಬಿಟ್ಟರು. ಅದಕ್ಕೇ ಈಗ ಬರೆದು ಕಳಿಸುತ್ತಿದ್ದೇನೆ.

ನಮ್ಮದು ಚಿಕ್ಕ ಅಂಗಡಿ. ನಾನು, ಜೊತೆಗೆ ಇಬ್ಬರು ಕೆಲಸಗಾರರು. ಅಳತೆ ಕೊಟ್ಟವರಿಗೆ ಅವರಿಗೆಂದೇ ಕೈಯಲ್ಲಿ ಮಾಡಿಕೊಡುತ್ತೇವೆ. ನಿಮ್ಮ ಹಲಗೆಯಲ್ಲಿ ಎಂಟು ಜನ ಕೂರುವ ಊಟದ ಮೇಜು ಮಾಡಿದೆವು. 26 ದಿನದ ಕೆಲಸ. ಮರ ಆಡುತ್ತದೆ ಅನ್ನುವುದು ನಮಗೂ ಗೊತ್ತು. ಅಗಲಕ್ಕೆ ಹಿಗ್ಗಲಿ, ಕುಗ್ಗಲಿ ಅಂತ ಸ್ಕ್ರೂ ತೂತುಗಳನ್ನು ಉದ್ದವಾಗಿ ಕೊರೆದು ಜಾಗ ಬಿಟ್ಟಿದ್ದೆವು, ಮೇಲೆ ಹೊಡೆದಷ್ಟೇ ಪಾಲಿಶ್ ಅಡಿಭಾಗಕ್ಕೂ ಹೊಡೆದಿದ್ದೆವು.

ಆರು ವಾರಕ್ಕೆ ಗಿರಾಕಿ ಫೋನ್ ಮಾಡಿದರು. ಹೋಗಿ ನೋಡಿದರೆ ಹಲಗೆ ಕೂಡಿಸಿದ ಕಡೆ ತುದಿಯಿಂದ ಒಂದು ಗೇಣು ಬಾಯಿ ಬಿಟ್ಟಿದೆ. ನಡುವಿನ ಹಲಗೆ ದೋಣಿ ಥರ ಬಾಗಿದೆ. ಕಾಲಿನ ಕೀಲೂ ಸಡಿಲ. ಆ ಮನೆಯವರು ಒಂದು ಮಾತೂ ಬೈಯಲಿಲ್ಲ, ನನಗೆ ಅದೇ ಜಾಸ್ತಿ ನೋವಾಯಿತು.

ವಾಪಸ್ ಬಂದವನೇ ಉಳಿದಿದ್ದ 5 ಹಲಗೆಯಲ್ಲಿ ಒಂದನ್ನು ನಡುವೆ ಕುಯ್ದು, ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಚುಚ್ಚಿದೆ. ಅಂಚಿನಲ್ಲಿ ಶೇ. 12, ಒಳಗೆ ಶೇ. 22. ಮೀಟರ್ ಸರಿ ಇಲ್ಲ ಅಂತ ನೀವು ಹೇಳಬಾರದಲ್ವಾ, ಒಳಭಾಗದ ಒಂದು ತುಂಡನ್ನು ತೂಗಿ, ತೂಕ ಇಳಿಯುವುದು ನಿಲ್ಲುವವರೆಗೂ 103 ಡಿಗ್ರಿ ಬಿಸಿಯ ಓವನ್ನಿನಲ್ಲಿ ಇಟ್ಟೆ. 147 ಗ್ರಾಂ ಇದ್ದದ್ದು 121ಕ್ಕೆ ನಿಂತಿತು. ಅಂದರೆ ಒಣ ಮರದ ತೂಕಕ್ಕೆ ಸುಮಾರು ಶೇ. 21.5 ನೀರು. ಮನೆಯೊಳಗಿನ ಪೀಠೋಪಕರಣಕ್ಕೆ 8ರಿಂದ 12 ಇರಬೇಕು. ಅದೂ ನಮ್ಮ ಅಂಗಡಿಯಲ್ಲಿ ಮೂರು ತಿಂಗಳು ಒಣಗಿದ ಮೇಲೆ ಇಷ್ಟಿದೆ, ಬಂದ ದಿನ ಇನ್ನೆಷ್ಟಿತ್ತು?

ಹಲಗೆ ಇಳಿಸಿದ ದಿನ ನಾನು ಮೇಲ್ಮೈಗಷ್ಟೇ ಮೀಟರ್ ಇಟ್ಟು, 12 ತೋರಿಸಿದ್ದನ್ನು ನಂಬಿದೆ. ಅಂದೇ ಒಂದನ್ನು ಕುಯ್ದು ನೋಡಬೇಕಿತ್ತು, ಅದು ನನ್ನ ತಪ್ಪು. ಆದರೆ ಬಿಲ್ಲಿನಲ್ಲಿ ಬರೆದ ಮಾತು ನಿಮ್ಮದು. ತೇಗ ಬೇರೆ ಮರಗಳಿಗಿಂತ ಕಡಿಮೆ ಕುಗ್ಗುವ ಮರ, ಸರಿಯಾಗಿ ಒಣಗಿದ್ದರೆ ಇಷ್ಟೊಂದು ಬಾಗುತ್ತಿರಲಿಲ್ಲ. ಗಾಳಿಯಲ್ಲಿ ಒಣಗಿಸಿದರೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ಕಿಲ್ನ್‌ನಲ್ಲಿ, ಅಂದರೆ ಮರ ಒಣಗಿಸುವ ಬಿಸಿ ಕೋಣೆಯಲ್ಲಿ ಬೇಗ ಆಗುತ್ತದೆ, ಆದರೆ ಅವಸರ ಮಾಡಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಇಲ್ಲೂ ಹಾಗೇ ಆಗಿದೆ ಅನ್ನಿಸುತ್ತದೆ.

ಉಳಿದ ಹಲಗೆ ವಾಪಸ್ ತೆಗೆದುಕೊಳ್ಳಿ, 14 ಹಲಗೆಗೂ ಬದಲಿ ಕೊಡಿ. ಮೇಜನ್ನು ಮತ್ತೆ ಮಾಡಬೇಕು, ನನ್ನ ದುಡಿಮೆ ಹೋಗಲಿ, ಆ ಇಬ್ಬರು ಕೆಲಸಗಾರರ ಕೂಲಿಯನ್ನು ನೀವು ಕೊಡಬೇಕು. ಈ ಲೋಡನ್ನು ಎಷ್ಟು ದಿನ, ಹೇಗೆ ಒಣಗಿಸಿದಿರಿ ಅನ್ನುವ ದಾಖಲೆಯೂ ಬೇಕು. ಹೊಸ ಹಲಗೆ ಕಳಿಸುವ ಮೊದಲು ನಾನೇ ಡಿಪೋಗೆ ಬರುತ್ತೇನೆ, ನನ್ನೆದುರಿಗೇ ಒಂದನ್ನು ಕುಯ್ದು ತೋರಿಸಿ.

ಹತ್ತು ದಿನದೊಳಗೆ ಬರೆದು ಉತ್ತರ ಕೊಡಿ, ಫೋನಿನಲ್ಲಿ ಬೇಡ. ಕುಯ್ದ ತುಂಡುಗಳ ಮೇಲೆ ದಿನಾಂಕ ಹಾಕಿ ಇಟ್ಟಿದ್ದೇನೆ, ನಿಮ್ಮ ಮೀಟರನ್ನೇ ತಂದು ನೋಡಬಹುದು.